ಸುರುಳಿ ಸುತ್ತಿದ ನಕ್ಷೆ

ಬೆಟ್ಟದೂರು ನರಿನ್‌ನ ಪುರಸಭೆಯ ನೌಕರ ಇಶೆನಾಲಿಗೆ ಎಂಟು ವರ್ಷದಿಂದ ಒಂದೇ ಕೆಲಸ: ಲಾರಿಗಳು ಸೀಳಿಕೊಂಡು ಹೋಗುವ ದೊಡ್ಡ ಬೀದಿಯನ್ನು ಹೇಗೆ ಸರಿಮಾಡಬೇಕೆಂದು ಅಲ್ಲಿನ ಜನರನ್ನೇ ಕೇಳುವುದು. ಶಾಲೆಯ ಕೋಣೆಯಲ್ಲಿ ನಕ್ಷೆ ಹಾಸಿ, "ರಸ್ತೆ ಎಲ್ಲಿ ದಾಟ್ತೀರಿ, ತೋರಿಸ್ರಪ್ಪ" ಅನ್ನುವಷ್ಟರಲ್ಲಿ ಅದರ ಮೇಲೆ ರೊಟ್ಟಿ ಬರುತ್ತದೆ, ಚಹಾದ ಬಟ್ಟಲು ಬರುತ್ತದೆ, ಯಾರದೋ ಕುದುರೆ ಕಳೆದುಹೋದ ಕಥೆಯೂ ಬರುತ್ತದೆ. "ಓದಿದೋನು ನೀನು, ನೀನೇ ಗೆರೆ ಎಳ್ಕೋ ಮಗಾ" ಎನ್ನುತ್ತಾಳೆ ಬುರುಲಜ್ಜಿ. "ಗುರುತು ನಿಮ್ಮ ಕೈಯಿಂದ್ಲೇ ಬೀಳ್ಬೇಕಜ್ಜೀ, ಇಲ್ದಿದ್ರೆ ಮೇಲಿನೋರು ಒಪ್ಪಲ್ಲ" ಎಂದು ಅವನು ಸೀಸದಕಡ್ಡಿ ಚಾಚುವ ಹೊತ್ತಿಗೆ ಬಿಳಿಗಡ್ಡದ ಹಿರಿಯರು ಅಂಗೈ ಬಿಡಿಸಿ, "ದಾರಿ ಬೆಳ್ಳಗಿರಲಿ" ಎಂದು ಹರಸಿಬಿಡುತ್ತಾರೆ. ಎಲ್ಲರೂ ಹರಕೆ ಸ್ವೀಕರಿಸಿ ಅಂಗೈಯಿಂದ ಮುಖ ಸವರಿಕೊಂಡು ಎದ್ದೇಬಿಡುತ್ತಾರೆ; ಹಿರಿಯರು ಹರಸಿದ ಮೇಲೆ ಮತ್ತೆ ಮಾತು ತೆಗೆದರೆ ಮರ್ಯಾದೆಯಲ್ಲ. ಇಶೆನಾಲಿ ನಿಟ್ಟುಸಿರಿಟ್ಟು ನಕ್ಷೆ ಸುತ್ತಿಕೊಂಡು ಹೊರಬಂದರೆ ರಸ್ತೆಯಂಚಿನಲ್ಲಿ ಬುರುಲಜ್ಜಿ ಕಾಯುತ್ತಿರುತ್ತಾಳೆ. ಅವಳನ್ನು ದಾಟಿಸಲು ಅವನು ರಸ್ತೆಗಿಳಿದು ಸುರುಳಿ ಮೇಲೆತ್ತುತ್ತಾನೆ. ಲಾರಿಯವರಿಗೆ ಅದು ಎಷ್ಟು ರೂಢಿಯಾಗಿದೆಯೆಂದರೆ, ಸುರುಳಿ ಕಂಡರೆ ದೂರದಿಂದಲೇ ನಿಧಾನಿಸಿ ನಿಲ್ಲುತ್ತಾರೆ. "ನಾನು ಯಾವತ್ತೂ ದಾಟೋದು ಇಲ್ಲೇ ಮಗಾ" ಎನ್ನುತ್ತಾಳೆ ಅಜ್ಜಿ, ನಡುರಸ್ತೆಯಲ್ಲಿ. ಆಚೆ ದಡ ಸೇರಿದ ಮೇಲೆ ಅವಳು ನಿಲ್ಲುವವಳಲ್ಲ. ನಡುರಸ್ತೆಯಲ್ಲೇ ಗುರುತು ಹಾಕಿಸೋಣವೆಂದರೆ ನಕ್ಷೆ ಬಿಚ್ಚಬೇಕು; ಬಿಚ್ಚಿದರೆ ಲಾರಿಗಳು ನಿಲ್ಲುವುದಿಲ್ಲ.