ಆರ್ಥರನ ಪಾಲು

ಅಪೊಲೊನಿಯಾ ರೇಗೊಳ ಅಜ್ಜ ಇನಾಸ್ ರೇಗೊ ಕಿನ್ನಿಗೋಳಿ ಕಡೆಯವನು. ಮೊಂಬಾಸಕ್ಕೆ ಹಡಗಿನಲ್ಲಿ ಬಂದಿಳಿದಾಗ ಅವನ ಕೈಯಲ್ಲಿದ್ದದ್ದು ಒಂದು ಕೊಡೆ, ಆ ಕೊಡೆಯ ಮಡಿಕೆಯಲ್ಲಿ ಕಟ್ಟಿಟ್ಟ ಒಂದು ಹಿಡಿ ಬಿತ್ತನೆಯ ಭತ್ತ. ರೈಲ್ವೆ ಗೋದಾಮಿನ ಗುಮಾಸ್ತನಾಗಿ ನೈರೋಬಿಗೆ ಬಂದವನೇ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಅರ್ಧ ಪೀಪಾಯಿಗೆ ಕೆಸರು ತುಂಬಿ ಬಿತ್ತಿದ. ಅಲ್ಲಿ ಜುಲೈಯೆಂದರೆ ಚಳಿಗಾಲ, ಪೈರು ಮುರುಟಿಹೋಯಿತು. ಮೂರು ವರ್ಷ ಹಾಗೇ ಆಯಿತು, ಅವನು ಬಿಡಲಿಲ್ಲ. ಅವನ ಮಗ, ಅಪೊಲೊನಿಯಾಳ ಅಪ್ಪ ಲಾರೆನ್ಸ್, ನೈರೋಬಿಯದೇ ನ್ಗಾರಾ ಬಡಾವಣೆಯಲ್ಲಿ ಮನೆ ಹಿಡಿದ ಮೇಲೆ ಪೀಪಾಯಿಯನ್ನು ಪಕ್ಕದ ಬೇಕರಿಯ ಒಲೆಗೋಡೆಗೆ ಒತ್ತಿ ಇಟ್ಟ. ಗೋಡೆಯ ಕಾವಿಗೆ ಪೈರು ಹೊಡೆ ತುಂಬಿ ತೆನೆ ಬಿಟ್ಟಿತು. ಅಂದಿನಿಂದ ಸೆಪ್ಟೆಂಬರ್ ಎಂಟರ ತೆನೆಹಬ್ಬಕ್ಕೆ ರೇಗೊ ಮನೆಯವರು ಯಾರ ಹೊಲದ ತೆನೆಗೂ ಕೈಯೊಡ್ಡಲಿಲ್ಲ.

ಆ ಹಬ್ಬದ ಕಟ್ಟು ಹೀಗೆ. ಇಗರ್ಜಿಯಲ್ಲಿ ಆಶೀರ್ವಾದವಾದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಪುಡಿಮಾಡಿ, ಹಾಲಿಗೆ ಬೆರೆಸಿ ಮನೆಮಂದಿಯೆಲ್ಲ ಒಂದೊಂದು ಗುಟುಕು ಕುಡಿಯಬೇಕು. ದೂರದಲ್ಲಿರುವವರ ಪಾಲಿನ ಕಾಳು ಲಕೋಟೆಯಲ್ಲಿ ಅಂಚೆಗೆ ಹೋಗಬೇಕು. ಪಾಲು ಮುಟ್ಟದವನು ಆ ವರ್ಷ ಮನೆಯಿಂದ ಹೊರಗುಳಿದಂತೆ.

ಅಪೊಲೊನಿಯಾಳ ತಮ್ಮ ಆರ್ಥರ್ ಸರಕು ಹಡಗಿನಲ್ಲಿ ಅಡುಗೆಯವನು. ೧೯೬೧ರಲ್ಲಿ ಜಪಾನಿನ ನಾಗಸಾಕಿ ಬಂದರಿನಲ್ಲಿ ಜ್ವರ ಬಂದು ತೀರಿಕೊಂಡ. ಅವನನ್ನು ಅಲ್ಲಿಯ ಗುಡ್ಡದ ಸ್ಮಶಾನದಲ್ಲೇ ಮಣ್ಣು ಮಾಡಿದರೆಂದು ಕಾಗದ ಬಂತು. ಅದರ ಬೆನ್ನಿಗೇ ಆ ಸಲದ ತೆನೆಯ ಲಕೋಟೆಯೂ ಒಡೆಯದೆ ಹಿಂದಕ್ಕೆ ಬಂತು. ತಾಯಿ ರೊಸಲಿನ್ ಮಗ ಸತ್ತದ್ದಕ್ಕೆ ಅತ್ತದ್ದು ಒಂದು ಪಾಲಾದರೆ, ಉಣ್ಣದೆ ಹೋದನೆಂದು ಅತ್ತದ್ದು ಮೂರು ಪಾಲು. ೧೯೮೬ರಲ್ಲಿ ಸಾಯುವಾಗಲೂ ಮಗಳ ಕೈ ಹಿಡಿದು ಅದನ್ನೇ ಹೇಳಿದಳು: "ಅವನ ಪಾಲು ಮುಟ್ಟಿಸು ಮಗಳೇ."

ಅಪೊಲೊನಿಯಾ ಹೊಲಿಗೆ ಟೀಚರು, ಮದುವೆಯಾಗದವಳು. ಆಗ ಐವತ್ತೆಂಟು ವರ್ಷ, ಮೊಣಕಾಲಿನಲ್ಲಿ ಸದಾ ಬಾವು. ಮರುವರ್ಷದ ಹಬ್ಬ ಮುಗಿದದ್ದೇ ಆರ್ಥರನ ಪಾಲಿನ ಕಾಳನ್ನು ಲಕೋಟೆಗೆ ಹಾಕಿ ಜಪಾನಿಗೆ ಟಿಕೇಟು ತೆಗೆದಳು. ಪೇಟೆಯ ಬ್ಯಾಂಕಿನಲ್ಲಿದ್ದ ಅಣ್ಣನ ಮಗ ವಾಲ್ಟರ್ ಓಡಿಬಂದ.

"ಆಂಟಿ, ಒನ್ ವೀಕ್ ಲೀವ್ ಹಾಕಿ ನಾನೂ ಬರ್ತೇನೆ. ನಿಮಗೆ ಜಪಾನೀಸ್ ಬರ್ತದಾ?"

"ನಿನಗೆ ಬರ್ತದಾ?"

"ಇಲ್ಲ."

"ಹಾಗಾದ್ರೆ ಇಬ್ಬರು ಮೂಗರು ಯಾಕೆ? ಒಬ್ಬಳು ಸಾಕು."

ಪಕ್ಕದ ಮನೆಯ ಮೈಸೂರಿನ ಜಯಲಕ್ಷ್ಮಿ ಬಾಗಿಲಲ್ಲೇ ನಿಂತು ನಕ್ಕಳು. "ಇಲ್ಲಿಯ ಮಟಾಟು ವ್ಯಾನ್ ಹತ್ತೋಕೇ ಹೆದರ್ತೀರಿ, ಜಪಾನ್ ಅಂತೆ!"

"ಮಟಾಟುವಿನಲ್ಲಿ ಚೀಲ ಕೊಯ್ತಾರೆ ಮಾರಾಯ್ತಿ, ವಿಮಾನದಲ್ಲಿ ಊಟ ಕೊಡ್ತಾರೆ."

ಒಸಾಕಾದಲ್ಲಿ ಇಳಿದಾಗ ಅವಳು ಮಾಡಿದ ತಪ್ಪು ಒಂದೇ. ಏನಾದರೂ ತಂದಿದ್ದೀರಾ ಎಂದು ಅಧಿಕಾರಿ ಕೇಳಿದ್ದಕ್ಕೆ, ದೇವರ ವಸ್ತುವನ್ನು ಮುಚ್ಚಿಡಬಾರದೆಂದು ಲಕೋಟೆಯನ್ನು ತಾನೇ ತೆಗೆದು ಮೇಜಿನ ಮೇಲಿಟ್ಟಳು. ಉಮಿ ಇರುವ ಭತ್ತ ಆ ದೇಶದೊಳಕ್ಕೆ ಬರುವಂತಿಲ್ಲ. "ಇದು ಸರಕಲ್ಲ, ನನ್ನ ತಮ್ಮನ ಊಟ" ಎಂದಳು. ಆತ ಸೊಂಟ ಬಗ್ಗಿಸಿ ಕ್ಷಮೆ ಕೇಳಿದ, ಕೈಗವಸು ಹಾಕಿಕೊಂಡ, ಲಕೋಟೆಯನ್ನು ಒಯ್ದ.

ಇಡೀ ದಿನದ ರೈಲು. ನಾಗಸಾಕಿಯಲ್ಲಿ ಒಂದು ಕನ್ಯಾಸ್ತ್ರೀ ಮಠದ ಅತಿಥಿಕೋಣೆ. ಬೆಳಿಗ್ಗೆ ಸ್ಮಶಾನದ ಮೆಟ್ಟಿಲ ಬುಡದವರೆಗೆ ಹೋದಳು. ಬರಿಗೈಯಲ್ಲಿ ಹತ್ತಲು ಕಾಲೇಳಲಿಲ್ಲ. ಹಿಂದಿರುಗಿ ಟ್ರಾಮ್ ಹತ್ತಿ ಅದು ನಿಲ್ಲುವ ಕೊನೆಯವರೆಗೆ ಕೂತಳು, ಇನ್ನೊಂದರಲ್ಲಿ ಮರಳಿ ಈ ಕೊನೆಗೆ ಬಂದಳು. ಊರೆಂದರೆ ಬಟ್ಟಲಿನಂತೆ: ನಡುವೆ ಕಡಲು, ಅಂಚಿಗೆಲ್ಲ ಗುಡ್ಡ, ಗುಡ್ಡದ ಮೈಗೆ ಕಚ್ಚಿಕೊಂಡ ಮನೆಗಳು. ಅಂಗಡಿಯಲ್ಲಿ ಅಕ್ಕಿಯೇನೋ ಸಿಗುತ್ತಿತ್ತು, ಆದರೆ ಕೊಂಡ ಅಕ್ಕಿ ತೆನೆಯಾದೀತೇ? ಯಾರೊಡನೆಯೂ ಮಾತಿಲ್ಲದೆ ಎರಡು ದಿನ ಅಲೆದಳು. ಮೂಗಿಯ ಮಾತನ್ನು ತಮಾಷೆಗೆ ಆಡಿದ್ದಳು, ಈಗ ಅದು ನಾಲಿಗೆಯ ಮೇಲೆ ಕೂತಿತ್ತು.

ಮೂರನೆಯ ದಿನ ಗುಡ್ಡದಾಚೆಗೆ ಹೋಗುವ ಬಸ್ಸು ಹತ್ತಿದಳು. ಒಂದು ತಿರುವಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹಣ್ಣಾದ ಗದ್ದೆ ಕಂಡದ್ದೇ ಕೂಗಿ ಬಸ್ಸು ನಿಲ್ಲಿಸಿ ಇಳಿದುಬಿಟ್ಟಳು. ಬಾಗಿದ ಬೆನ್ನಿನ ಒಬ್ಬ ಮುದುಕಿ ಕೊಯ್ಯುತ್ತಿದ್ದಳು. ಅಪೊಲೊನಿಯಾ ತೆನೆ ತೋರಿಸಿ ಕೈಮುಗಿದಳು. ಮುದುಕಿ ನಗುತ್ತಾ ಒಂದು ಹಿಡಿ ಮುರಿದು ಚಾಚಿದಳು. ಇವಳು ಬೇಡವೆಂದು ತಲೆಯಾಡಿಸಿ, ಕುಡುಗೋಲಿಗೆ ಕೈಯೊಡ್ಡಿದಳು. ಬೇಡಿ ತಂದದ್ದು ಮನೆಯ ಪಾಲಾಗುವುದಿಲ್ಲ, ದುಡಿದದ್ದಾದರೆ ಆದೀತು.

ಮುದುಕಿಗೆ ಅರ್ಥವಾಯಿತೋ ಇಲ್ಲವೋ, ಕುಡುಗೋಲು ಕೊಟ್ಟಳು. ಪೀಪಾಯಿಯ ಪೈರನ್ನು ಕತ್ತರಿಯಿಂದ ಕೊಯ್ದ ಕೈ ಅದು; ಮೊದಲ ಸಾಲಿಗೇ ಬೆರಳು ಕುಯ್ದುಕೊಂಡಿತು. ಚಿಂದಿ ಸುತ್ತಿಕೊಂಡು ಮಧ್ಯಾಹ್ನ ಇಳಿಯುವವರೆಗೆ ಕೊಯ್ದಳು. ಮುದುಕಿ ಬದುವಿನ ಮೇಲೆ ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟಳು. ಹೊರಡುವಾಗ ಮೂರು ತೆನೆಗಳನ್ನು ಆಯ್ದು, ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ಕೊಟ್ಟಳು. ಅಪೊಲೊನಿಯಾಳೂ ಎರಡೂ ಕೈಯೊಡ್ಡಿ ಕೂಲಿ ತೆಗೆದುಕೊಂಡಳು.

ಮರುದಿನ ಬೆಳಗಿನ ಪೂಜೆಯಲ್ಲಿ ಮಠದ ಪಾದ್ರಿ ತೆನೆಗಳನ್ನು ಆಶೀರ್ವದಿಸಿದರು. ಕಾಳು ಸುಲಿದು, ಲೋಟದ ತಳದಿಂದ ಅರೆದು, ಹಾಲಿಗೆ ಬೆರೆಸಿ, ಸಣ್ಣ ಬಟ್ಟಲಿಗೆ ಬಟ್ಟೆ ಕಟ್ಟಿದಳು. ಇಂಗ್ಲಿಷ್ ಬಲ್ಲ ಎಳೆಯ ಕನ್ಯಾಸ್ತ್ರೀಯೊಬ್ಬಳು ಸ್ಮಶಾನದವರೆಗೆ ಜೊತೆಗೆ ಬಂದಳು. ಮೆಟ್ಟಿಲುಗಳು ನೂರಕ್ಕೂ ಮೇಲೆ, ಪಾಚಿ ಕಟ್ಟಿದವು. ಹನ್ನೆರಡನೆಯದರಲ್ಲೇ ಅಪೊಲೊನಿಯಾಳ ಮೊಣಕಾಲು ಕೈಕೊಟ್ಟಿತು. ಕಲ್ಲಿಗೆ ಒರಗಿ ನಿಂತಳು. ಬಟ್ಟಲು ಮಾತ್ರ ತುಳುಕಲಿಲ್ಲ.

ಕನ್ಯಾಸ್ತ್ರೀ ಮೆಲ್ಲನೆ ಕೈ ಚಾಚಿದಳು. "ಹೆಸರು ನನಗೆ ಗೊತ್ತಿದೆಯಲ್ಲ. ನಾನು ಹುಡುಕಿ ಇಟ್ಟು ಬರುತ್ತೇನೆ. ನೀವು ಕೂತಿರಿ."

ಅಪೊಲೊನಿಯಾ ಬಟ್ಟಲನ್ನು ಎದೆಗೆ ಒತ್ತಿಕೊಂಡಳು.

"ಬೇಡ ಸಿಸ್ಟರ್. ಕಾಲು ನೋಯ್ತದೆ, ಸುಳ್ಳಲ್ಲ. ನೋಯಲಿ. ಬಡಿಸಲಿಕ್ಕೆ ಬಂದವಳು ಹೊಸ್ತಿಲಲ್ಲಿ ನಿಂತು ಬೇರೆಯವರ ಕೈಲಿ ಬಟ್ಟಲು ಕಳಿಸ್ತಾಳಾ? ನೀವು ಇಲ್ಲಿ ನೆರಳಲ್ಲಿ ಕೂತ್ಕೊಳ್ಳಿ. ನಾನು ಮೆಲ್ಲ ಹತ್ತುತ್ತೇನೆ."