ಚಾವಿಯ ಅಕ್ಕತಂಗಿಯರು

ಸಂದೂಕದ ಮುಚ್ಚಳ ಎತ್ತಿದರೆ ಡಾಂಬರು ಗುಳಿಗೆಯ ವಾಸನೆ. ಮೇಲುಗಡೆಯೇ ನಮ್ಮವರ ಕರಿ ಕೋಟು. ಅವರು ಹೋಗಿ ವರ್ಷ ತುಂಬಿತು. ಗಂಗಾವತಿಯಿಂದ ಬಂದ ಅಣ್ಣ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾನೆ. "ಅರಿವಿ ಕಟ್ಟಿಕೊ ತಂಗಿ, ಇನ್ನ ತವರಮನ್ಯಾಗ ಇರು" ಎಂದಿದ್ದಾನೆ. ಅತ್ತೆ ಹೂಂ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಸೀರೆ ತೆಗೆಯಲು ಬಂದ ನಾನು ಕೋಟು ಹಿಡಿದು ಕೂತಿದ್ದೇನೆ. ಒಂದು ಕೆಲಸಕ್ಕೆ ಬಂದು ಇನ್ನೊಂದರಲ್ಲಿ ಮೈಮರೆಯುವುದು ನನ್ನ ಹಳೆಯ ಚಾಳಿ.

ಮದುವೆಗೆ ಮೊದಲು ಅವರು ಗೋವೆಯ ಬಂದರದಲ್ಲಿ ಗೋದಾಮಿನ ಕಾವಲಿಗಿದ್ದರು. ಮಹಾಯುದ್ಧಕ್ಕೆ ಮುಂಚಿನ ಮಾತು. ಅಲ್ಲಿಂದ ತಂದದ್ದು ಈ ಕೋಟು, ಜೊತೆಗೆ ಒಂದಷ್ಟು ಶಬ್ದ. ಹಡಗಿನವರು ಸಿಕ್ಕರೆ ಗೋದಾಮಿನ ಚಾವಿ ಎತ್ತಿ ತೋರಿಸಿ, ಇದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆಂದು ಕೈಸನ್ನೆಯಲ್ಲಿ ಕೇಳುತ್ತಿದ್ದರಂತೆ. ಪೋರ್ತುಗೀಜನು ‘ಶಾವೆ’ ಅಂದ. ಸ್ಪೇನಿನವನು ‘ಯಾವೆ’, ಇಟಲಿಯವನು ‘ಕ್ಯಾವೆ’, ಫ್ರಾನ್ಸಿನವನು ‘ಕ್ಲೇ’. ಇವೆಲ್ಲಕ್ಕೂ ತಾಯಿ ಲ್ಯಾಟಿನ್ನಿನ ‘ಕ್ಲಾವಿಸ್’ ಎಂದು ಒಬ್ಬ ಮುದುಕ ಪಾದ್ರಿ ಹೇಳಿದರಂತೆ. ನಮ್ಮ ಚಾವಿ ಪೋರ್ತುಗೀಜರ ಹಡಗು ಹತ್ತಿ ಬಂದ ಶಬ್ದ. ಸ್ಪೇನಿನದು, ಇಟಲಿಯದು ನನಗೆ ಯಾವಾಗಲೂ ಅದಲುಬದಲು. ತಿದ್ದುವವರು ಈಗಿಲ್ಲ.

ನಾನು ಗಂಡನ ಊರು ಬೇವೂರಿಗೆ ನಡೆಯಲು ಬಂದ ಹೊಸತರಲ್ಲಿ ಉಗ್ರಾಣದ ಚಾವಿ ಅತ್ತೆಯ ಟೊಂಕದಲ್ಲಿತ್ತು. ನಮ್ಮ ಕಡೆ ಚಾವಿ ಯಾರ ಟೊಂಕದಲ್ಲೋ ಮನೆ ಅವರದು. ಚೂರು ಬೆಲ್ಲಕ್ಕೂ ಅವರನ್ನು ಕೇಳಬೇಕು. ಬೀಗರ ಮನೆಗೆ ಬಂದು ಉಳಿದುಬಿಟ್ಟವಳಂತೆ ಇದ್ದೆ.

ಒಂದು ಸಂಜೆ ನಮ್ಮವರು ತಾಯಿಗೆ ಈ ಶಬ್ದಗಳ ಕತೆ ಬಿಚ್ಚಿದರು. "ನಿನ್ನ ತಂಗ್ಯಾರನ್ನ ಕುಷ್ಟಗಿಗೊಬ್ಬಾಕಿನ್ನ, ತಳಕಲ್ಲಿಗೊಬ್ಬಾಕಿನ್ನ ಕೊಟ್ಟಾರಲ್ಲವ್ವ, ಹಂಗ. ಊರು ಬ್ಯಾರೆ, ಮಾರಿ ಮಾತ್ರ ನಿಮ್ಮವ್ವಂದು."

ಅತ್ತೆಯ ಕೈ ಟೊಂಕಕ್ಕೆ ಹೋಯಿತು. "ಏನಂದಿ? ಇದು ಪರಂಗ್ಯಾರದಾ?"

"ಶಬ್ದ ಅವರದವ್ವ. ಚಾವಿ ನಮ್ಮ ಕಮ್ಮಾರಂದು."

"ಶಬ್ದದ ಜೋಡಿ ಮೈಲಿಗಿ ಬರಾಂಗಿಲ್ಲೇನಲೇ, ಶಾಣ್ಯಾ?"

ಚಾವಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರು. ದೇವರ ಜಗಲಿಯ ಮೊಳೆಗೆ ತೂಗುಹಾಕಿದರು. ಇನ್ನು ಮನೆಯಲ್ಲಿ ಎಲ್ಲರೂ ‘ಕೀಲಿಕೈ’ ಅನ್ನಬೇಕೆಂದು ಕಟ್ಟಪ್ಪಣೆಯಾಯಿತು. ನಾನು ತಪ್ಪದೆ ಅಂದೆ. ಹೊಸ ಸೊಸೆ ನೋಡಿ, ಅಷ್ಟಾದರೂ ಹೆಸರು ಬರಲೆಂದು.

ಒಂದು ಬೆಳಿಗ್ಗೆ ಹಿಟ್ಟಿನ ಕೈಯಲ್ಲಿದ್ದ ಅತ್ತೆ ನನ್ನನ್ನು ಕೂಗಿದರು: "ಯವ್ವಾ, ಆ ಚಾವಿ ತಾ."

ನಮ್ಮವರು ಬಾಗಿಲಲ್ಲೇ ಇದ್ದರು. "ಯಾಕವ್ವ, ಪರಂಗಿ ಮಾತು ಬಂತಲ್ಲ ಬಾಯಾಗ?"

ಅತ್ತೆ ನಾಲಗೆ ಕಚ್ಚಿಕೊಂಡರು. ಆಮೇಲೆ ನನ್ನ ಕಡೆ ನೋಡಿ ತಾವೇ ನಕ್ಕರು. "ಬಾಯಾಗ ಕುಂತುಬಿಟ್ಟೈತಿ, ಏನ ಮಾಡ್ಲಿ? ಈಕಿನೂ ಹೊರಗಿಂದನ ಬಂದಾಳ. ಈಗ ಹೋಗಂದ್ರ ಹೋಗ್ತಾಳನು?" ಹಿಟ್ಟಿನ ಕೈಯಿಂದಲೇ ಚಾವಿಯನ್ನು ನನ್ನ ಟೊಂಕಕ್ಕೆ ಸಿಗಿಸಿದರು. "ಬೆಲ್ಲ ನೀನ ತಗಿ. ಎಷ್ಟ ಬೇಕೋ ಅಷ್ಟ."

ಅವತ್ತಿನ ಹೋಳಿಗೆಗೆ ಬೆಲ್ಲ ಜಾಸ್ತಿಯಾಗಿತ್ತು. ಅತ್ತೆ ಇನ್ನೊಂದು ಹಾಕಿಸಿಕೊಂಡರು.

ಕೋಟನ್ನು ಮಡಿಸಿ ಇಟ್ಟು ಹೊರಗೆ ಬಂದೆ. ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನ ಬರಿಗೈ ನೋಡಿ ಅಣ್ಣ ಎದ್ದು ನಿಂತ.

"ಹಬ್ಬಕ್ಕ ಬರ್ತೀನಣ್ಣ," ಅಂದೆ. "ಇರಾಕ ಬರಾಂಗಿಲ್ಲ."

ಮೊರ ನಿಂತಿತು. ಅತ್ತೆ ತಲೆ ಎತ್ತಲಿಲ್ಲ.

"ಹಂಗಾರ ನಿಂತೇನ ನೋಡ್ತಿ? ಒಲಿ ಹಚ್ಚು. ನಿಮ್ಮಣ್ಣ ಹಸದಾನ."