ಕೂಡಿಸುವ ದಾನಿಯೇಲಪ್ಪ

ಮಾಲೂರಿನ ನಮ್ಮ ಚರ್ಚಿನ ಸಭಾಹಿರಿಯರು ದಾನಿಯೇಲಪ್ಪನವರು. ಲಕ್ಕೂರಿನ ಯಾವುದೋ ಮನೆಯಲ್ಲಿ ಗಂಡ ಹೆಂಡಿರು ದನಿ ಏರಿಸಿದರೆ ಸಾಕು, ಬೈಬಲನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹತ್ತುತ್ತಿದ್ದರು. ಮುನಿಸಿಕೊಂಡವರನ್ನು ಎದುರಿಗೆ ಕೂರಿಸಿ, ಡಿಕಾಕ್ಷನ್‌ಗೆ ಹಾಲು ಸುರಿದು, "ಈಗ ಇದ್ರಲ್ಲಿರೋ ಹಾಲು ಬೇರೆ ತೆಗೀರಿ ನೋಡೋಣ" ಎನ್ನುತ್ತಿದ್ದರು. ಇಬ್ಬರೂ ಪೆಚ್ಚಾಗಿ ಕೂತಾಗ, "ದೇವ್ರು ಸೇರ್ಸಿದ್ದು ಕಣಮ್ಮಾ, ಬಿಡಿಸೋಕೆ ನಾವ್ಯಾರು?" ಎಂದು ಆ ಕಾಫಿಯನ್ನು ತಾವೇ ಕುಡಿದು ಮುಗಿಸುತ್ತಿದ್ದರು. ಡೈವೋರ್ಸ್ ಎಂಬ ಮಾತು ಕಿವಿಗೆ ಬಿದ್ದರೆ ಅವರಿಗೆ ಕೆಮ್ಮು ಬರುತ್ತಿತ್ತು. ವಕೀಲರ ಬೋರ್ಡು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದರು. ನರಸಾಪುರಕ್ಕೆ ಕೊಟ್ಟಿದ್ದ ಮಗಳು ಸುನೀತ ಗಂಡನ ಹೊಡೆತ ತಾಳಲಾರದೆ ಬಂದಾಗಲೂ ದೇವರು ಸೇರಿಸಿದ್ದು ಎಂಬ ಅದೇ ಮಾತು ಹೇಳಿ, ತಾವೇ ಕರೆದುಕೊಂಡು ಹೋಗಿ ಬಿಟ್ಟು ಬಂದರು. ವಾರ ಕಳೆಯುವುದರೊಳಗೆ ಅವಳ ಹೆಣ ಬಂತು. ಮಣ್ಣು ಮಾಡಿ ಬಂದ ಸಂಜೆ ಹೆಂಡತಿ ಸುಗುಣಮ್ಮ, "ನಾಕು ದಿನ ಇಟ್ಕೊಳ್ಳೋಣ ಅಂತ ಬೇಡ್ಕೊಂಡ್ನಲ್ರೀ, ಕೇಳಿದ್ರಾ?" ಎಂದರು. ಆಮೇಲೆ ಅವರು ಗಂಡನೊಂದಿಗೆ ಮಾತಾಡಿಲ್ಲ. ಬಿಟ್ಟೂ ಹೋಗಿಲ್ಲ. ಮುದ್ದೆ ಬಡಿಸುತ್ತಾರೆ, ಬಿಳಿ ಅಂಗಿಗೆ ಇಸ್ತ್ರಿ ಹಾಕಿಡುತ್ತಾರೆ, ಭಾನುವಾರ ಪಕ್ಕದಲ್ಲೇ ಕೂರುತ್ತಾರೆ. ದಾನಿಯೇಲಪ್ಪನವರು ಈಗ ಯಾರ ಜಗಳಕ್ಕೂ ಹೋಗುವುದಿಲ್ಲ. ಮೊನ್ನೆ ಹೊಸ ಜೋಡಿಯ ಮದುವೆ ನಡೆಸಿದ ಪಾಸ್ಟರು, ಊರಿಗೆ ಹೊಸಬರು, "ಬಾಳಿದ್ರೆ ನಮ್ಮ ಹಿರಿಯರ ಹಂಗೆ ಬಾಳ್ಬೇಕು" ಎಂದು ದಾನಿಯೇಲಪ್ಪ, ಸುಗುಣಮ್ಮ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಗುಣಮ್ಮ ನೇರವಾಗಿ ಮುಂದೆ ನೋಡುತ್ತಿದ್ದರು. ದಾನಿಯೇಲಪ್ಪನವರು ಬೆಂಚಿನ ಅಂಚನ್ನು ಹಿಡಿದುಕೊಂಡು, ಚಪ್ಪಾಳೆ ನಿಂತ ಮೇಲೂ ಕೂರಲಾಗದೆ ನಿಂತೇ ಇದ್ದರು.